ಪದಚರ್ಚೆ: ಸ್ಕೀ ಉದ್ದದ ಮಾತಿನಲ್ಲಿ ‘ದೊಡ್ಡ ಆಳು’ ಅಂದರೆ ಯಾರು?

ಬಳಗದವರಿಗೆಲ್ಲ ನಮಸ್ಕಾರ.

ನಾರ್ವೆಯಲ್ಲಿ ನೆಲೆಸಿರುವ ಕೆಲವು ಕನ್ನಡದ ಮನೆಗಳವರಿಗಾಗಿ ಸ್ಕೀ (ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟಿಕೊಳ್ಳುವ ಉದ್ದನೆಯ ಹಲಗೆ) ಕೊಳ್ಳುವ ಬಗ್ಗೆ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಯಂತ್ರ ಓಡಿಸಿ ಹದ ಮಾಡಿದ ದಾರಿಯ ಸ್ಕೀ ಅಲ್ಲ. ಹಾರ್ಡಾಂಗರ್‌ವಿಡ್ಡದಂಥ ಬಟಾಬಯಲಲ್ಲಿ, ಬೆನ್ನಿಗೆ ಚೀಲ ಏರಿಸಿಕೊಂಡು, ಗುಡಿಸಲಿನಿಂದ ಗುಡಿಸಲಿಗೆ ದಿನಗಟ್ಟಲೆ ಸಾಗುವ ಸ್ಕೀ. ಅಮೆರಿಕದವರು ಬ್ಯಾಕ್‌ಕಂಟ್ರಿ ಸ್ಕೀ ಅನ್ನುವ ದೊಡ್ಡ ಗುಂಪಿನಲ್ಲಿ ಇದೂ ಸೇರುತ್ತದೆ. ನಾರ್ವೆಯವರು ಇದಕ್ಕೆ ‘ಫ್ಯೆಲ್‌ಶೀ’ ಅನ್ನುತ್ತಾರೆ, ಬೆಟ್ಟದ ಸ್ಕೀ ಅಂತ. ಹೌದು, ಅವರ ಬಾಯಲ್ಲಿ ಸ್ಕೀ ‘ಶೀ’ ಆಗುತ್ತದೆ. ಕನ್ನಡದಲ್ಲಿ ‘ಹೊಸ ಶೀ ಕೊಂಡೆ’ ಅಂತ ಬರೆದರೆ ಓದುವವರು ಮೂಗು ಮುಚ್ಚಿಕೊಳ್ಳುತ್ತಾರೆ. ಹಾಗಾಗಿ ‘ಸ್ಕೀ’ ಅಂತಲೇ ಇಟ್ಟುಕೊಂಡಿದ್ದೇನೆ.

ತೊಡಕು ಇರುವುದು ಒಂದು ಅಧ್ಯಾಯದಲ್ಲಿ. ದೊಡ್ಡ ಮೈಯವರು ಎಷ್ಟು ಉದ್ದದ ಸ್ಕೀ ಆರಿಸಬೇಕು ಅನ್ನುವುದು ಅದರ ವಿಷಯ. ಇಂಗ್ಲಿಷ್‌ನವರು ‘ಬಿಗ್ಗರ್ ಸ್ಕೀಯರ್’ ಅಂತ ಎರಡೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ದೊಡ್ಡ ಅಂದರೆ ಎತ್ತರವೋ, ತೂಕವೋ, ಎರಡೂನೋ, ಬಿಡಿಸಿ ಹೇಳುವುದಿಲ್ಲ. ನಾನು ಹಾಗೆ ಬಿಡುವಂತಿಲ್ಲ, ಯಾಕೆಂದರೆ ಸ್ಕೀ ಎಷ್ಟು ಉದ್ದ ಇರಬೇಕು ಅನ್ನುವುದು ನಿಂತಿರುವುದೇ ಅದರ ಮೇಲೆ.

ಕನ್ನಡದಲ್ಲಿ ಕೈಗೆ ಸಿಕ್ಕ ಮಾತುಗಳನ್ನೆಲ್ಲ ಹಾಕಿ ನೋಡಿದೆ. ‘ದೊಡ್ಡವರ ಸ್ಕೀ’ ಅಂದರೆ ಮಕ್ಕಳದ್ದಲ್ಲದ್ದು ಅಂತಾಗುತ್ತದೆ. ‘ತೂಕದ ಮನುಷ್ಯ’ ಅಂದರೆ ಊರಿನಲ್ಲಿ ಮಾತಿಗೆ ಬೆಲೆ ಇರುವವನು, ಅವನು 50 ಕೆಜಿ ಇದ್ದರೂ ನಡೆಯುತ್ತದೆ. ‘ದಢೂತಿ’ಯಲ್ಲಿ ಗೇಲಿ ಇದೆ. ‘ದಪ್ಪ’ ಮುಖಕ್ಕೆ ಹೊಡೆದ ಹಾಗೆ. ‘ಸ್ಥೂಲಕಾಯ’ ಆಸ್ಪತ್ರೆಯಿಂದ ಎದ್ದು ಬಂದ ಮಾತು. ‘ಕಟ್ಟುಮಸ್ತಾದ ಆಳು’ ಕೇಳಲು ಚೆನ್ನಾಗಿದೆ, ಆದರೆ ಅದು ಗರಡಿಮನೆಯವರಿಗೆ ಸಲ್ಲುವುದು. ಆಫೀಸಿನಲ್ಲಿ ಕೂತು ಹೊಟ್ಟೆ ಬೆಳೆಸಿದ ನಮ್ಮಂಥವರು ಅದರೊಳಗೆ ಹಿಡಿಸುವುದಿಲ್ಲ. ಇನ್ನು ‘ಮೈಕೈ ತುಂಬಿಕೊಂಡವರು’ ಅಂದರೆ ಅಜ್ಜಿಯರ ಹೊಗಳಿಕೆ ಆಯಿತು.

ಪದ ಸೂಚಿಸುವ ಮುಂಚೆ ವಿಷಯ ಏನು ಅಂತ ನಿಮಗೂ ಗೊತ್ತಿರಲಿ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಹಳೆಯ ಅಳತೆ ಪೂರ್ತಿ ಎತ್ತರದ್ದು. ನೆಟ್ಟಗೆ ನಿಂತು ಒಂದು ಕೈ ಮೇಲೆತ್ತಬೇಕು. ಪಕ್ಕದಲ್ಲಿ ನಿಲ್ಲಿಸಿದ ಸ್ಕೀಯ ತುದಿ ಮಣಿಕಟ್ಟಿನ ಹತ್ತಿರ ಬಂದರೆ ಸರಿ. ಲೆಕ್ಕದಲ್ಲಿ ಹೇಳುವುದಾದರೆ ನಮ್ಮ ಎತ್ತರಕ್ಕೆ 20ರಿಂದ 25 ಸೆಂ.ಮೀ. ಸೇರಿಸಿದಂತೆ. ಇದನ್ನು ನಾನು ‘ಆಳುದ್ದ, ಮೇಲೊಂದು ಗೇಣು’ ಅಂತ ಬರೆದಿದ್ದೇನೆ. ಬಾವಿಯ ನೀರನ್ನು ಎರಡಾಳು ಮೂರಾಳು ಅಂತ ಅಳೆದವರು ನಾವು. ಗೇಣು ಅಂದರೆ ಸುಮಾರು 9 ಅಂಗುಲ, ಅಂದರೆ 23 ಸೆಂ.ಮೀ. ಲೆಕ್ಕವೂ ಸರಿಯಾಗಿ ಕೂತುಕೊಳ್ಳುತ್ತದೆ. ಈ ಮಾತು ನನಗೆ ತುಂಬಾ ಇಷ್ಟ. ಕಷ್ಟ ಏನೆಂದರೆ, ಅಳತೆಯೇ ಅರ್ಧ ಸರಿ.

178 ಸೆಂ.ಮೀ. ಎತ್ತರದ ಇಬ್ಬರನ್ನು ತೆಗೆದುಕೊಳ್ಳಿ. ಒಬ್ಬರು 62 ಕೆಜಿ, ಇನ್ನೊಬ್ಬರು 108 ಕೆಜಿ. ಆಳುದ್ದ ಮತ್ತು ಗೇಣಿನ ಲೆಕ್ಕದಲ್ಲಿ ಇಬ್ಬರಿಗೂ 200 ಸೆಂ.ಮೀ. ಸ್ಕೀ ಬರುತ್ತದೆ. ಆದರೆ ಒಂದೇ ಸ್ಕೀ ಇಬ್ಬರ ಕಾಲಡಿಯಲ್ಲೂ ಒಂದೇ ಥರ ಕೆಲಸ ಮಾಡುವುದಿಲ್ಲ. ಯಾಕೆ ಅಂದರೆ, ಸ್ಕೀ ಚಪ್ಪಟೆ ಹಲಗೆಯಲ್ಲ. ನೆಲದ ಮೇಲೆ ಇಟ್ಟರೆ ಮುಂದೆ ಹಿಂದೆ ಮಾತ್ರ ತಾಗುತ್ತದೆ, ನಡುಭಾಗ ಮೇಲಕ್ಕೆ ಬಾಗಿ ನಿಂತಿರುತ್ತದೆ. ಇದನ್ನೇ ಕ್ಯಾಂಬರ್ ಅನ್ನುವುದು. ನಾನು ‘ಕಮಾನು’ ಅಂತ ಇಟ್ಟಿದ್ದೇನೆ. ಬಾಗಿಲಿನ ಕಮಾನು ನೆನಪಾದರೆ ಅರ್ಥ ಅರ್ಧವೇ ಆಗುತ್ತದೆ, ಅದು ಅಲುಗುವುದಿಲ್ಲವಲ್ಲ. ಲಾರಿಯ ಹಿಂದಿನ ಚಕ್ರದ ಮೇಲಿರುವ ಕಮಾನು ಪಟ್ಟಿಗಳನ್ನು ನೆನೆಸಿಕೊಳ್ಳಿ. ಖಾಲಿ ಲಾರಿಯಲ್ಲಿ ಮುಖ್ಯ ಕಟ್ಟಿನ ಪಟ್ಟಿಗಳೇ ಭಾರ ತಡೆಯುತ್ತವೆ. ಲೋಡ್ ಜಾಸ್ತಿಯಾದಾಗ ಮಾತ್ರ ಮೇಲಿರುವ ಗಟ್ಟಿ ಪಟ್ಟಿಗಳು ಕೆಲಸಕ್ಕೆ ಇಳಿಯುತ್ತವೆ. ಬಯಲು ದಾಟುವ ಸ್ಕೀಯೂ ಹೆಚ್ಚುಕಡಿಮೆ ಹಾಗೇ. ಎರಡೂ ಕಾಲಿನ ಮೇಲೆ ಸಮವಾಗಿ ನಿಂತರೆ ಕಮಾನು ಅರ್ಧ ಇಳಿಯುತ್ತದೆ, ನಡುಭಾಗ ಹಿಮಕ್ಕೆ ಒತ್ತುವುದಿಲ್ಲ. ಇದು ಜಾರುವ ಹೊತ್ತು. ಒಂದೇ ಕಾಲಿನ ಮೇಲೆ ಪೂರ್ತಿ ಭಾರ ಹಾಕಿ ಒದ್ದಾಗ ಉಳಿದ ಗಟ್ಟಿ ಕಮಾನೂ ಮಣಿದು ನಡುಭಾಗ ಹಿಮಕ್ಕೆ ಒತ್ತುತ್ತದೆ. ಅಲ್ಲಿ ಹಚ್ಚಿದ ಅಂಟುಮೇಣವೋ, ಕೆತ್ತಿದ ಮೀನಿನ ಹುರುಪೆಯಂಥ ಗೀರುಗಳೋ ಹಿಮವನ್ನು ಕಚ್ಚಿ ಹಿಡಿಯುತ್ತವೆ. ಇದು ಒದೆಯುವ ಹೊತ್ತು. ಒದೆ, ಜಾರು, ಒದೆ, ಜಾರು, ಇಷ್ಟೇ ಈ ಆಟ.

ಈಗ 62 ಕೆಜಿಯವರಿಗೆ 108 ಕೆಜಿಯವರ ಸ್ಕೀ ಕೊಡಿ. ಒದ್ದಾಗ ಕಮಾನು ನೆಲ ಮುಟ್ಟುವುದೇ ಇಲ್ಲ. ಚಿಕ್ಕ ಏರು ಬಂದರೂ ಸರ್ರನೆ ಹಿಂದಕ್ಕೆ ಜಾರುತ್ತಾರೆ. 108 ಕೆಜಿಯವರಿಗೆ ಮತ್ತೊಬ್ಬರದ್ದು ಕೊಟ್ಟರೆ ಕಮಾನು ಯಾವಾಗಲೂ ಚಪ್ಪಟೆ. ಹಿಡಿತವೇನೋ ಚೆನ್ನಾಗಿದೆ ಅನಿಸುತ್ತದೆ, ಆದರೆ ಜಾರುವ ಹೊತ್ತಿನಲ್ಲೂ ನಡುಭಾಗ ಹಿಮಕ್ಕೆ ಉಜ್ಜುತ್ತಲೇ ಇರುತ್ತದೆ. ಮೇಣ ಬೇಗ ಸವೆದುಹೋಗುತ್ತದೆ. ಗೀರು ಇರುವ ಸ್ಕೀಯಾದರೆ ಗುಂಯ್ ಅಂತ ಸದ್ದು ಬೇರೆ. ಜೊತೆಯವರು ಎರಡು ಹೆಜ್ಜೆಯಲ್ಲಿ ಜಾರಿದಷ್ಟು ದೂರಕ್ಕೆ ಇವರು ನಾಲ್ಕು ಹೆಜ್ಜೆ ಹಾಕಬೇಕು. ಮೆತ್ತನೆ ಹಿಮದಲ್ಲಂತೂ ಸ್ಕೀಯ ನಡುಭಾಗ ಹೂತು, ಮೂತಿ ಮೇಲೇಳುತ್ತದೆ. ಸಮತಟ್ಟು ಬಯಲಿನಲ್ಲೂ ಏರು ಹತ್ತಿದ ಹಾಗೆ ಸುಸ್ತಾಗುತ್ತದೆ.

ಒಂದೇ ಮಾದರಿಯಲ್ಲಿ ಉದ್ದ ಹೆಚ್ಚಿದಂತೆ ಕಮಾನೂ ಗಟ್ಟಿಯಾಗುವ ಹಾಗೆ ಮಾಡಿರುತ್ತಾರೆ. ಹಾಗಾಗಿ ‘ಉದ್ದದ್ದು ತಗೊಳ್ಳಿ’ ಅಂತ ಹೇಳುವಾಗ ಅರ್ಧ ಪಾಲು ‘ಗಟ್ಟಿಯಾದದ್ದು ತಗೊಳ್ಳಿ’ ಅಂತಲೇ ಹೇಳುತ್ತಿರುತ್ತೇವೆ. ನಮ್ಮ 108 ಕೆಜಿಯವರು 200 ಬಿಟ್ಟು 205 ಅಥವಾ 210ಕ್ಕೆ ಹೋಗುವುದು ಒಳ್ಳೆಯದು. ಈ ಬಗೆಯ ಸ್ಕೀ ಸಾಮಾನ್ಯವಾಗಿ 210ಕ್ಕೆ ನಿಂತುಬಿಡುತ್ತದೆ. ಅದೂ ಸಾಲದಿದ್ದರೆ ಉದ್ದದ ಆಸೆ ಬಿಟ್ಟು ಹೆಚ್ಚು ಗಟ್ಟಿ ಮಾದರಿ ನೋಡಬೇಕು. ಇನ್ನೊಂದು ಕಡೆ, 192 ಸೆಂ.ಮೀ. ಎತ್ತರ, 70 ಕೆಜಿ ಇರುವ ಕಡ್ಡಿಯಂಥ ಹುಡುಗನಿಗೆ ಗೇಣಿನ ಲೆಕ್ಕದಲ್ಲಿ 215 ಬರುತ್ತದೆ. ಅವನಿಗೆ ಬೇಕಾಗಿರುವುದು 200ರ ಆಸುಪಾಸು. ಅವನೂ ‘ದೊಡ್ಡ ಆಳು’ ತಾನೇ? ಈ ಅಧ್ಯಾಯ ಅವನಿಗಲ್ಲ. ಅವನು ಓದಿ ತಪ್ಪು ಸ್ಕೀ ಕೊಳ್ಳಬಾರದು. ನನ್ನ ಪದದ ಹುಡುಕಾಟ ಶುರುವಾಗಿದ್ದೇ ಇಲ್ಲಿಂದ.

ಅಂಗಡಿಯಲ್ಲಿ ಪರೀಕ್ಷೆ ಮಾಡುವುದು ಸುಲಭ. ಗಟ್ಟಿಯಾದ ಸಮ ನೆಲದ ಮೇಲೆ ಎರಡೂ ಸ್ಕೀ ಇಟ್ಟು, ಬೂಟು ಹಾಕಿಕೊಂಡು, ಚೀಲವನ್ನೂ ಹೊತ್ತು ನಿಲ್ಲಿ. ಪಾದದಡಿ ಒಂದು ಹಾಳೆ ತೂರಿಸಲು ಜೊತೆಯವರಿಗೆ ಹೇಳಿ. ಎರಡು ಕಾಲಿನ ಮೇಲೆ ನಿಂತಾಗ ಹಾಳೆ ಹಿಂದೆ ಮುಂದೆ ಸಲೀಸಾಗಿ ಸರಿಯಬೇಕು. ಒಂದೇ ಕಾಲಿಗೆ ಭಾರ ಬಿಟ್ಟಾಗ ಅಲ್ಲಾಡದೆ ಸಿಕ್ಕಿಕೊಳ್ಳಬೇಕು. ತಯಾರಕರ ತೂಕದ ಪಟ್ಟಿಯನ್ನೂ ನೋಡಿ, ಆದರೆ ಪಟ್ಟಿ ಕೇಳುತ್ತಿರುವುದು ಬರಿ ಮೈತೂಕವೋ, ಚೀಲ ಸೇರಿಸಿಯೋ ಅಂತ ಮೊದಲು ವಿಚಾರಿಸಿ. 15 ಕೆಜಿಯ ಚೀಲ ಅಂದರೆ ಪಟ್ಟಿಯಲ್ಲಿ ಒಂದು ಸಾಲು ಕೆಳಗೆ ಇಳಿದ ಹಾಗೆ.

ಕಾಶ್ಮೀರದ ಗುಲ್ಮಾರ್ಗ್‌ನಲ್ಲೋ ಉತ್ತರಾಖಂಡದ ಔಲಿಯಲ್ಲೋ ಸ್ಕೀ ಕಲಿತು ಬಂದವರಿಗೆ ಇದೆಲ್ಲ ವಿಚಿತ್ರ ಅನಿಸಬಹುದು. ಅಲ್ಲಿ ಕೊಡುವ ಇಳಿಜಾರಿನ ಸ್ಕೀ ಗಲ್ಲದಿಂದ ಹಣೆಯ ನಡುವೆ ಬಂದರೆ ಸಾಕು, ಆಳುದ್ದವೂ ಬೇಕಾಗಿಲ್ಲ. ಹಿಮ್ಮಡಿ ಎತ್ತಿಕೊಂಡು ಬೆಟ್ಟ ಹತ್ತಿ, ಮೇಲೆ ಹೋಗಿ ಹಿಮ್ಮಡಿ ಬಿಗಿದು ಇಳಿಯುವ ಟೂರಿಂಗ್ ಸ್ಕೀಗೂ ಅಳತೆ ಅಲ್ಲೇ ಸುತ್ತಮುತ್ತ. ಅದರಲ್ಲಿ ಒದೆತದ ಲೆಕ್ಕ ಇಲ್ಲ, ಹತ್ತುವಾಗ ಹಿಂದಕ್ಕೆ ಜಾರದಂತೆ ಸ್ಕೀಯ ತಳಕ್ಕೆ ಪಟ್ಟಿ ಅಂಟಿಸಿಕೊಳ್ಳುತ್ತಾರೆ. ಅಲ್ಲಿ ಭಾರದವರ ಚಿಂತೆ ಹೂತುಹೋಗುವುದು. 176 ಸೆಂ.ಮೀ. ಉದ್ದ, ನಡುವಿನಲ್ಲಿ 9.5 ಸೆಂ.ಮೀ. ಅಗಲದ ಸ್ಕೀಯನ್ನು ಬಿಟ್ಟು 184ರದ್ದು ತೆಗೆದುಕೊಂಡರೆ ಹಿಮದ ಮೇಲೆ ಊರುವ ಜಾಗ ಶೇ. 4.5ರಷ್ಟು ಹೆಚ್ಚುತ್ತದೆ. ಉದ್ದ ಹಾಗೇ ಇಟ್ಟುಕೊಂಡು ಅಗಲ ಒಂದೇ ಸೆಂ.ಮೀ. ಹೆಚ್ಚಿಸಿದರೆ ಶೇ. 10ಕ್ಕಿಂತ ಜಾಸ್ತಿ. ಇದು ಬರಿ ಉದ್ದವನ್ನು ಅಗಲದಿಂದ ಗುಣಿಸಿದ ಒರಟು ಲೆಕ್ಕ, ಆದರೂ ವಿಷಯ ಗೊತ್ತಾಗುತ್ತದೆ ಅಲ್ವಾ? ತೇಲಬೇಕಾದರೆ ಅಗಲ. ಉದ್ದ ಕೊಡುವುದು ಸ್ಥಿರತೆ. ಭಾರದ ಮೈ ವೇಗದಲ್ಲಿ ಮುಂದಕ್ಕೆ ವಾಲಿದಾಗ ಮುಗ್ಗರಿಸದೆ ತಡೆಯಲು ಮುಂದೆ ಅಷ್ಟು ಸ್ಕೀ ಇರಬೇಕು. ಮೂತಿ ತುಂಬಾ ಎತ್ತಿದ ಮಾದರಿಯಾದರೆ ಗಟ್ಟಿ ಹಿಮದಲ್ಲಿ ಆ ಎತ್ತಿದ ಭಾಗ ನೆಲಕ್ಕೇ ತಾಗುವುದಿಲ್ಲ, ಅದಕ್ಕಾಗಿಯೂ ಸ್ವಲ್ಪ ಉದ್ದ ಸೇರಿಸಿಕೊಳ್ಳುತ್ತಾರೆ. ಹಾಗಂತ ಭಾರ ಇರುವವರೆಲ್ಲ ಅಂಗಡಿಯ ಅತಿ ಉದ್ದದ ಸ್ಕೀಯನ್ನೇ ಎತ್ತಿಕೊಂಡು ಬರಬೇಕಾಗಿಲ್ಲ. ಕಡಿದಾದ ಏರಿನಲ್ಲಿ ನಿಂತಲ್ಲೇ ಒಂದೊಂದೇ ಕಾಲು ಎತ್ತಿ ತಿರುಗಿಸಬೇಕಾದಾಗ, ಒತ್ತಾಗಿ ಬೆಳೆದ ಮರಗಳ ನಡುವೆ ನುಸುಳಬೇಕಾದಾಗ, ಪ್ರತಿಯೊಂದು ಸೆಂ.ಮೀ. ಕಾಲಿಗೆ ತೊಡರುತ್ತದೆ. ಹೊಸಬರಾದರೆ ಒಂದು ಅಳತೆ ಕಡಿಮೆಯದ್ದೇ ನನ್ನ ಸಲಹೆ.

ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ವಿಷಯದಲ್ಲಿ ‘ದೊಡ್ಡ’ ಮತ್ತೆ ಬೇರೆ ಆಗುತ್ತದೆ. ಇಳಿಜಾರಿನ ಸ್ಕೀಯಲ್ಲಿ ಬಿದ್ದಾಗ ಬೂಟು ಬಿಟ್ಟುಕೊಳ್ಳುವ ಬಿಗಿತವನ್ನು ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ, ಜಾರುವ ರೀತಿ ಇಷ್ಟನ್ನೂ ನೋಡಿ ಪಟ್ಟಿಯಿಂದ ತೆಗೆಯುತ್ತಾರೆ. ತೂಕ ಒಂದು ಸಾಲಿಗೆ, ಎತ್ತರ ಇನ್ನೊಂದು ಸಾಲಿಗೆ ಬಂದರೆ ಕಡಿಮೆ ಬಿಗಿತದ ಸಾಲನ್ನೇ ಹಿಡಿಯುತ್ತಾರೆ. ಅಂದರೆ ಅಲ್ಲಿ ಗಿಡ್ಡ ಭಾರದವರೂ ಉದ್ದ ಸಪೂರದವರೂ ‘ದೊಡ್ಡವರು’ ಅಲ್ಲ.

ಈಗ ನನ್ನ ಸೂಚನೆ. ಕೈಪಿಡಿಯ ಉದ್ದಕ್ಕೂ ಆಳಿನ ಗಾತ್ರ ಹೇಳುವುದನ್ನೇ ಬಿಟ್ಟು ‘ಹೊರೆ’ ಅಂತ ಬರೆದರೆ ಹೇಗೆ? ಮೈತೂಕ, ಬಟ್ಟೆಬರೆ, ಬೂಟು, ಬೆನ್ನಿನ ಚೀಲ ಎಲ್ಲ ಸೇರಿ ಸ್ಕೀಯ ಮೇಲೆ ಬೀಳುವುದು ಹೊರೆ. ‘120 ಕೆಜಿ ಹೊರೆಗೆ ಎಷ್ಟು ಉದ್ದ’ ಅಂತ ಕೇಳಿದರೆ ಯಾರ ಹೊಟ್ಟೆಯ ಮಾತೂ ಬರುವುದಿಲ್ಲ. ಇನ್ನೊಂದು ಅನುಕೂಲವೂ ಇದೆ. ನಾರ್ವೆಯಲ್ಲಿ ದೂರದ ಪಯಣಕ್ಕೆ ಸಾಮಾನನ್ನು ಪುಲ್ಕ್ ಅನ್ನುವ ಜಾರುಬಂಡಿಗೆ ಕಟ್ಟಿ ಸೊಂಟದಿಂದ ಎಳೆಯುತ್ತಾರೆ. ಅದು 40 ಕೆಜಿ ಇದ್ದರೂ ಸ್ಕೀಯ ಕಮಾನಿನ ಮೇಲೆ ಬೀಳುವುದಿಲ್ಲ, ಉದ್ದದ ಲೆಕ್ಕಕ್ಕೆ ಸೇರಿಸಬಾರದು. ಎಳೆಯಲು ಹಿಡಿತ ಜಾಸ್ತಿ ಬೇಕಾದ್ದರಿಂದ ಕಮಾನು ಅತಿ ಗಟ್ಟಿ ಇದ್ದರೆ ಕಷ್ಟವೇ. ಹೊರುವುದು ಹೊರೆ, ಎಳೆಯುವುದು ಹೊರೆಯಲ್ಲ. ಕನ್ನಡದ ಮಾತೇ ಆ ಗೆರೆ ಎಳೆದು ಕೊಡುತ್ತದೆ. ‘ಭಾರ’, ‘ತೂಕ’ ಎರಡರಲ್ಲೂ ಇದು ಸಿಗುವುದಿಲ್ಲ.

ಹೆದರಿಕೆ ಒಂದೇ. ‘ಭೂಮಿಗೆ ಹೊರೆ’, ‘ಮನೆಗೆ ಹೊರೆ’ ಅಂತ ಬೈಯುವುದೂ ಇದೇ ಮಾತಿನಲ್ಲಿ. ಓದುವವರ ಕಿವಿಗೆ ಅದು ಮೊದಲು ಬೀಳುತ್ತದೋ ಏನೋ. ಕರಾವಳಿ ಮತ್ತು ಉತ್ತರ ಕರ್ನಾಟಕದವರು ತಮ್ಮ ಕಡೆ ತಲೆಹೊರೆ, ಬೆನ್ನುಹೊರೆ ಎಲ್ಲ ಸೇರಿಸಿ ಏನನ್ನುತ್ತಾರೆ ಅಂತ ಹೇಳಿದರೆ ಉಪಕಾರವಾಗುತ್ತದೆ.

ಜೊತೆಗೆ ಎರಡು ಸಣ್ಣ ಮಾತು. ಯಂತ್ರ ಓಡಿಸದ ಹಿಮಕ್ಕೆ ‘ಹದ ಮಾಡದ ಹಿಮ’ ಅಂತ ಬರೆದಿದ್ದೇನೆ, ಹೊಲದ ಮಾತನ್ನೇ ಎರವಲು ತಂದು. ಹತ್ತಲು ಅಂಟಿಸುವ ಪಟ್ಟಿಗೆ ಇಂಗ್ಲಿಷ್‌ನಲ್ಲಿ ಸ್ಕಿನ್ ಅನ್ನುತ್ತಾರೆ. ಹಿಂದೆ ನಿಜವಾಗಿಯೂ ಸೀಲ್ ಪ್ರಾಣಿಯ ಚರ್ಮವೇ ಆಗಿತ್ತು, ಈಗ ಮೊಹೇರ್ (ಅಂಗೋರಾ ಆಡಿನ ಕೂದಲು) ಅಥವಾ ನೈಲಾನ್. ‘ತೊಗಲುಪಟ್ಟಿ’ ಅಂದರೆ ಈಗಿನವರಿಗೆ ದಾರಿ ತಪ್ಪುತ್ತದೆಯೇ? ಸುಮ್ನೆ ‘ಏರುಪಟ್ಟಿ’ ಅಂದುಬಿಡಲೇ?

ಕೈಪಿಡಿಯಲ್ಲಿ ಸದ್ಯಕ್ಕೆ ಹೀಗಿದೆ: ‘ನಿಮ್ಮ ಹೊರೆ 100 ಕೆಜಿ ದಾಟಿದರೆ ಆಳುದ್ದದ ಲೆಕ್ಕ ಬಿಡಿ, ಕಮಾನು ನೋಡಿ ಸ್ಕೀ ಆರಿಸಿ.’ ಇದನ್ನು ಓದಿದಾಗ, ನಿಮ್ಮಲ್ಲಿ ಆ ಅಂಕಿ ದಾಟಿದವರಿಗೆ, ಚುಚ್ಚಿತೇ ಇಲ್ಲವೇ ಅಂತ ತಿಳಿಸಿ. ಸ್ಕೀ ಕಂಡಿರದಿದ್ದರೂ ಪರವಾಗಿಲ್ಲ.