ಚೇತಕ್ ಕ್ಲಚ್ ಸ್ಲಿಪ್ ಆಗ್ತಿದೆ, ಎಂಜಿನ್ ಇಳಿಸಲೇಬೇಕಾ?

ಕೇಳಿದವರು, ಮೈಸೂರಿನ ಕುವೆಂಪುನಗರದಿಂದ:

ಅಪ್ಪನ 1996ರ ಬಜಾಜ್ ಚೇತಕ್ ನನ್ನ ಹತ್ತಿರ ಇದೆ. ಮಾರಿಬಿಡು ಅನ್ನುವುದೊಂದು ಬಿಟ್ಟು ಬೇರೆ ಏನು ಬೇಕಾದರೂ ಹೇಳಿ. ಊರೊಳಗೆ ಚೆನ್ನಾಗಿಯೇ ಓಡುತ್ತದೆ. ಹೋದ ಭಾನುವಾರ ಹೆಂಡತಿಯನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟ ಹತ್ತುವಾಗ ಮೂರನೇ ಗೇರಿನಲ್ಲಿ ಎಂಜಿನ್ ಒಂದೇ ಸಮನೆ ಕೂಗಿಕೊಂಡಿತು, ಗಾಡಿ ಮಾತ್ರ ಮುಂದಕ್ಕೆ ಹೋಗಲಿಲ್ಲ. ಒಂಥರಾ ಸೀದ ವಾಸನೆ ಬೇರೆ. ರಿಂಗ್ ರೋಡಿನಲ್ಲಿ ನಾಲ್ಕನೇ ಗೇರಿಗೆ ಹಾಕಿದರೂ ಅದೇ ಕಥೆ. ಮಳೆಗಾಲಕ್ಕೆ ಮುಂಚೆ ಕ್ಲಚ್ ಕೇಬಲ್ ಹೊಸದು ಹಾಕಿಸಿದ್ದೆ, ಗೇರ್ ಆಯಿಲ್ ನಾನೇ ಬದಲಾಯಿಸಿದ್ದೆ. ಮನೆ ಹತ್ತಿರದ ಮೆಕ್ಯಾನಿಕ್ ಒಬ್ಬರು ಗಾಡಿ ಓಡಿಸಿಯೂ ನೋಡದೆ "ಎಂಜಿನ್ ಇಳಿಸಬೇಕು, ಏಳು ಸಾವಿರ ಆಗುತ್ತೆ" ಅಂದರು. ಅನುಭವ ಇರುವವರು ದಾರಿ ತೋರಿಸಿ.

ಮಂಡ್ಯದಿಂದ:

ಅಣ್ಣ, ಏಳು ಸಾವಿರ ಜೇಬಲ್ಲೇ ಇರಲಿ. ಚೇತಕ್ ಕ್ಲಚ್ ಪ್ಲೇಟ್ ಹಾಕುವುದಕ್ಕೆ ಎಂಜಿನ್ ಇಳಿಸುವ ಮಾತೇ ಇಲ್ಲ, ಹಿಂದಿನ ಚಕ್ರ ಬಿಚ್ಚಿದರೆ ಕ್ಲಚ್ ಮುಚ್ಚಳ ಎದುರಿಗೇ ಇರುತ್ತದೆ. ಪ್ಲೇಟಿನ ಸುದ್ದಿಗೂ ಈಗಲೇ ಹೋಗಬೇಡಿ. ಮೊದಲು ಕೇಬಲ್, ಆಮೇಲೆ ಆಯಿಲ್, ಪ್ಲೇಟು ಕೊನೆಗೆ. ನಾನು ಇದನ್ನು ತಿರುಗಾ ಮುರುಗಾ ಮಾಡಿ ದುಡ್ಡು ಕಳೆದವನು, ಅದಕ್ಕೇ ಹೇಳುತ್ತಿದ್ದೇನೆ.

ಸ್ಲಿಪ್, ಅಂದರೆ ಕ್ಲಚ್ ಪ್ಲೇಟು ಹಿಡಿಯದೆ ಜಾರುವುದು, ಹೌದೋ ಅಲ್ಲವೋ ನೋಡಲು ಗಾಡಿ ನ್ಯೂಟ್ರಲ್‌ನಲ್ಲಿ ನಿಲ್ಲಿಸಿ, ಕಿಕ್ಕರನ್ನು ಕೈಯಲ್ಲಿ ನಿಧಾನವಾಗಿ ಒತ್ತಿ. ನಮ್ಮ ಈ ಗಾಡಿಗಳಲ್ಲಿ ಕಿಕ್ಕರಿನ ಬಲ ಕ್ಲಚ್ ಮೂಲಕವೇ ಎಂಜಿನ್ನಿಗೆ ಹೋಗುತ್ತದೆ. ಕ್ಲಚ್ ಹಿಡಿದುಕೊಂಡು ಕಿಕ್ ಹೊಡೆದರೆ ಎಂಜಿನ್ ತಿರುಗದೇ ಇರುವುದು ಅದಕ್ಕೇ. ಕ್ಲಚ್ ಬಿಟ್ಟಿದ್ದರೂ ಕಿಕ್ಕರ್ ಬೆಣ್ಣೆಯಲ್ಲಿ ಇಳಿದ ಹಾಗೆ ಸರ್ರನೆ ಇಳಿದರೆ ಸ್ಲಿಪ್ ಜಾಸ್ತಿಯೇ ಆಗಿದೆ ಅಂತ ಲೆಕ್ಕ. ಗಟ್ಟಿಯಾಗಿ ತಡೆದರೆ ಇನ್ನೂ ಜೀವ ಇದೆ.

ಈಗ ಕೇಬಲ್. ಕ್ಲಚ್ ಲಿವರ್ ಹಿಡಿದು ಅಲ್ಲಾಡಿಸಿ. ಬಿಗಿ ಸಿಗುವ ಮೊದಲು ಸ್ವಲ್ಪ ಸಡಿಲ ಇರಬೇಕು, ಲಿವರಿನ ಬುಡದಲ್ಲಿ ಒಂದು ರೂಪಾಯಿಯ ಎರಡು ನಾಣ್ಯ ತೂರುವಷ್ಟು ಸಂದು. ಅದು ಇಲ್ಲದಿದ್ದರೆ ನೀವು ದಿನಪೂರ್ತಿ ಕ್ಲಚ್ಚನ್ನು ಅರ್ಧ ಹಿಡಿದುಕೊಂಡೇ ಓಡಿಸಿದ ಹಾಗೆ. ಹೊಸ ಕೇಬಲ್ ಅಂದರಲ್ಲ, ನನಗೆ ಅಲ್ಲೇ ಅನುಮಾನ. ಇನ್ನೊಂದು, ಇದನ್ನು ನ್ಯೂಟ್ರಲ್‌ನಲ್ಲಿ ಮಾತ್ರ ನೋಡಿ ಸುಮ್ಮನಾಗಬೇಡಿ. ಗೇರ್ ಹಾಕುವಾಗ ಲಿವರ್ ಸಮೇತ ಹಿಡಿ ತಿರುಗುತ್ತದೆ, ಅದರ ಜೊತೆ ಕೇಬಲ್ಲೂ ಎಳೆದಾಡುತ್ತದೆ. ಹ್ಯಾಂಡಲ್ ಒಳಗೆ ಕೇಬಲ್ ಎಲ್ಲಾದರೂ ಸಿಕ್ಕಿಕೊಂಡಿದ್ದರೆ ನ್ಯೂಟ್ರಲ್‌ನಲ್ಲಿ ಸಡಿಲ ಇರುತ್ತದೆ, ನಾಲ್ಕಕ್ಕೆ ತಿರುಗಿಸಿದಾಗ ತಂತಿ ಬಿಗಿದುಕೊಳ್ಳುತ್ತದೆ. ನಾಲ್ಕೂ ಗೇರಿನಲ್ಲಿ ಲಿವರ್ ಅಲ್ಲಾಡಿಸಿ ನೋಡಿ.

ಆಮೇಲೆ ಆಯಿಲ್. ನನ್ನ ಕಥೆ ಹೇಳುತ್ತೇನೆ. ಕಬ್ಬಿನ ಸೀಸನ್ನಿನಲ್ಲಿ ನಮ್ಮ ಕಡೆ ರಸ್ತೆ ಗೊತ್ತಲ್ಲ, ಟ್ರ್ಯಾಕ್ಟರ್ ಹಿಂದೆ ಟ್ರ್ಯಾಕ್ಟರ್. ಒಂದನ್ನು ದಾಟೋಣ ಅಂತ ಮೂರನೇ ಗೇರಿನಲ್ಲಿ ರೇಸ್ ಕೊಟ್ಟರೆ ಎಂಜಿನ್ ಕಿರುಚಿತೇ ಹೊರತು ಗಾಡಿ ಜಗ್ಗಲಿಲ್ಲ, ಎದುರಿಗೆ ಬಸ್ಸು. ಹೇಗೋ ಹಿಂದಕ್ಕೆ ಬಂದು ಸೇರಿಕೊಂಡೆ. ಮಾರನೇ ದಿನವೇ ಪ್ಲೇಟು, ಸ್ಪ್ರಿಂಗು ಎಲ್ಲಾ ಹೊಸದು ಹಾಕಿಸಿದೆ. ಎರಡು ವಾರ ಚೆನ್ನಾಗಿತ್ತು, ಮತ್ತೆ ಶುರು. ಕೊನೆಗೆ ನೋಡಿದರೆ ಗೇರ್ ಬಾಕ್ಸಿಗೆ ಹಾಕಿದ್ದು ಕಾರಿನ ಎಂಜಿನ್ ಆಯಿಲ್! ಈ ಗಾಡಿಯ ಕ್ಲಚ್ಚು ಆಯಿಲ್‌ನಲ್ಲೇ ಮುಳುಗಿ ಕೆಲಸ ಮಾಡುವಂಥದ್ದು. ಮೈಲೇಜ್ ಬರಲಿ ಅಂತ ಕಾರಿನ ಕೆಲವು ಆಯಿಲ್‌ಗಳಿಗೆ ಜಾರುವ ರಾಸಾಯನಿಕ ಬೆರೆಸಿರುತ್ತಾರೆ, ಅದು ಪ್ಲೇಟಿಗೆ ಆಗಿಬರುವುದಿಲ್ಲ. ಸಾದಾ 30 ನಂಬರ್ ಆಯಿಲ್, ಇಲ್ಲವೇ ಜಾಸೋ ಎಂಎ (ಆಯಿಲ್‌ನಲ್ಲಿ ಮುಳುಗಿದ ಕ್ಲಚ್ಚಿಗೆ ಆಗಿಬರುತ್ತದೆ ಅನ್ನುವ) ಗುರುತು ಇರುವ 20ಡಬ್ಲ್ಯೂ40 ಬೈಕ್ ಆಯಿಲ್ ಸಾಕು. ಹೆಚ್ಚುಕಡಿಮೆ ಕಾಲು ಲೀಟರ್ ಹಿಡಿಯುತ್ತದೆ. ಗಾಡಿ ನೆಟ್ಟಗೆ ನಿಲ್ಲಿಸಿ, ಹಾಕುವ ತೂತಿನಿಂದ ಹೊರಗೆ ಹರಿಯುವ ತನಕ ತುಂಬಿಸಿ ಬೋಲ್ಟ್ ಹಾಕಿ. ಅಂದಹಾಗೆ, ನೀವು ಹಾಕಿದ್ದು ಯಾವ ಆಯಿಲ್?

ಕೇಳಿದವರು:

ಸರ್, ಹೇಳಲು ನಾಚಿಕೆ. ತಮ್ಮನ ಕಾರಿಗೆ ತಂದಿದ್ದರಲ್ಲಿ ಸ್ವಲ್ಪ ಉಳಿದಿತ್ತು...

ಮಂಡ್ಯದಿಂದ:

ಗೊತ್ತಿತ್ತು ಬಿಡಿ!

ನಂಜನಗೂಡಿನಿಂದ:

ಒಂದು ಮಾತು. ಪಿಕಪ್ ಇಲ್ಲ ಅಂದ ಕೂಡಲೇ ಎಲ್ಲರೂ ಕ್ಲಚ್ ಅನ್ನುತ್ತಾರೆ. ಟೂ ಸ್ಟ್ರೋಕ್ ಗಾಡಿಯಲ್ಲಿ ಸೈಲೆನ್ಸರ್ ಮಸಿ ಕಟ್ಟಿಕೊಂಡರೂ ಬೆಟ್ಟ ಹತ್ತುವುದಿಲ್ಲ. ಆದರೆ ಆಗ ಎಂಜಿನ್ ಕೂಗುವುದಿಲ್ಲ, ಗೊರಗೊರ ಅಂತ ಉಸಿರು ಕಟ್ಟಿದ ಹಾಗೆ ಮಾಡುತ್ತದೆ. ಕೂಗಿಕೊಂಡೂ ಗಾಡಿ ನಿಂತಲ್ಲೇ ನಿಂತರೆ ಕ್ಲಚ್ಚು. ಕಟಕ್ ಅಂತ ಸದ್ದಾಗಿ ಗೇರೇ ಹಾರಿದರೆ ಅದು ಒಳಗಿನ ಗೇರ್ ಸೆಲೆಕ್ಟರ್, ಬೇರೆಯೇ ಕಾಯಿಲೆ, ಅದಕ್ಕೆ ಮಾತ್ರ ಎಂಜಿನ್ ಬಿಚ್ಚಬೇಕು. ಹಿಂದಿನ ಹಬ್ಬಿನ ನಟ್ ಸಡಿಲ ಆಗಿದೆಯಾ ಅಂತಲೂ ಒಂದು ಸಲ ನೋಡಿ, ಅದು ಸಡಿಲ ಆಗಿ ಹಬ್ಬಿನ ಒಳಗಿನ ಹಲ್ಲು ಸವೆದರೆ ಎಂಜಿನ್ ತಿರುಗಿದರೂ ಚಕ್ರ ತಿರುಗುವುದಿಲ್ಲ.

ಯಾದವಗಿರಿಯಿಂದ:

ಜಾವಾ ಬೈಕಿನ ಫ್ಯಾಕ್ಟರಿ ಇದ್ದ ಬೀದಿಯವನು ನಾನು, ಚೇತಕ್ ಬಗ್ಗೆ ಮಾತಾಡಿದರೆ ಇಲ್ಲಿನ ಹಳಬರು ಬೈಯುತ್ತಾರೆ. ಆದರೂ ನಮ್ಮ ಮನೆಯಲ್ಲಿ ಇದ್ದದ್ದು ಚೇತಕ್ಕೇ. ಪ್ಲೇಟ್ ಹಾಕುವುದು ಬಂದರೆ ಹೀಗೆ ಮಾಡಿ.

ಪೆಟ್ರೋಲ್ ಕಾಕ್ ಮುಚ್ಚಿ, ನೆಲಕ್ಕೆ ಹಳೇ ಗೋಣಿಚೀಲ ಹಾಸಿ ಗಾಡಿಯನ್ನು ಎಂಜಿನ್ ಇರುವ ಬಲಗಡೆಗೆ ಮಲಗಿಸಿ. ಹೀಗೆ ಮಲಗಿಸಿದರೆ ಕ್ಲಚ್ ಮೇಲಕ್ಕೆ ಬರುತ್ತದೆ, ಆಯಿಲ್ ಚೆಲ್ಲುವುದಿಲ್ಲ. ನೀವು ಹೇಗಿದ್ದರೂ ಆಯಿಲ್ ಬದಲಾಯಿಸಬೇಕಲ್ಲ, ಮೊದಲೇ ಇಳಿಸಿಬಿಡಿ. ಚಕ್ರ ತೆಗೆದು ಮುಚ್ಚಳದ ಬೋಲ್ಟ್ ಬಿಚ್ಚಿ. ಮುಚ್ಚಳದ ಒಳಗೆ ಹಿತ್ತಾಳೆಯ ಚಿಕ್ಕ ಬಿಲ್ಲೆ ಇರುತ್ತದೆ, ಅದು ಕೆಳಗೆ ಬಿದ್ದರೆ ಹುಡುಕುವ ಕೆಲಸ ನಿಮ್ಮದು. ಮತ್ತೆ ಕೂರಿಸುವಾಗ ಚೂರು ಗ್ರೀಸ್ ಹಚ್ಚಿದರೆ ಬೀಳದೆ ಅಂಟಿಕೊಂಡಿರುತ್ತದೆ. ನಡುವಿನ ನಟ್ಟಿಗೆ ಕೋಟೆಯ ತೆನೆಯ ಹಾಗೆ ಕಚ್ಚುಗಳಿರುತ್ತವೆ, ಅದಕ್ಕೆ ಬೇರೆಯೇ ಟೂಲ್ ಬೇಕು. ಸ್ಕ್ರೂ ಡ್ರೈವರ್ ಇಟ್ಟು ಸುತ್ತಿಗೆಯಲ್ಲಿ ಹೊಡೆಯುವವರ ಕೈಗೆ ಗಾಡಿ ಕೊಡಬೇಡಿ. ಕ್ಲಚ್ ಹೊರಗೆ ಬಂದಾಗ ಶಾಫ್ಟಿನ ಮೇಲೆ ಅರ್ಧಚಂದ್ರದ ಹಾಗಿರುವ ಸಣ್ಣ ಕೀ ಇರುತ್ತದೆ, ಅದನ್ನು ಜೋಪಾನ ಮಾಡಿ.

ಪ್ಲೇಟಿನ ಮೇಲಿನ ಕಾರ್ಕ್ ಪದರ ಕಪ್ಪಗೆ ಸೀದು ಗಾಜಿನ ಹಾಗೆ ಹೊಳೆಯುತ್ತಿದ್ದರೆ ಪ್ಲೇಟ್ ಮುಗಿಯಿತು. ನಡುವಿನ ಸ್ಟೀಲ್ ಪ್ಲೇಟನ್ನು ಕನ್ನಡಿ ಮೇಲೆ ಇಟ್ಟು ನೋಡಿ, ಅಲ್ಲಾಡಿದರೆ ಸೊಟ್ಟ ಆಗಿದೆ. ನೀಲಿ ಬಣ್ಣಕ್ಕೆ ತಿರುಗಿದ್ದರೆ ಚೆನ್ನಾಗಿ ಕಾದಿದೆ ಅಂತ. ಹಳೇ ಸ್ಪ್ರಿಂಗನ್ನು ಹೊಸದರ ಪಕ್ಕ ನಿಲ್ಲಿಸಿ, ಗಿಡ್ಡ ಆಗಿದ್ದರೆ ಅದನ್ನೂ ಬದಲಾಯಿಸಿ. ಹೊಸ ಕಾರ್ಕ್ ಪ್ಲೇಟನ್ನು ಒಣಗಿದ್ದು ಹಾಗೇ ಹಾಕಬೇಡಿ, ಹಿಂದಿನ ರಾತ್ರಿಯೇ ಹೊಸ ಆಯಿಲ್‌ನಲ್ಲಿ ನೆನೆಹಾಕಿ. ಮುಚ್ಚಳದ ರಬ್ಬರ್ ಓ ರಿಂಗ್ ಹೊಸದು ತನ್ನಿ, ಹಳೇದನ್ನೇ ಒತ್ತಿ ಕೂರಿಸಿ ನಮ್ಮ ಮನೆಯ ಅಂಗಳದಲ್ಲಿ ವರ್ಷಗಟ್ಟಲೆ ಆಯಿಲ್ ರಂಗೋಲಿ ಇತ್ತು.

ಮಂಡ್ಯದಿಂದ:

ಹಳೇ ಆಯಿಲ್ ಇಳಿಸಿದಾಗ ಮೂಸಿ ನೋಡಿ ಅಣ್ಣ. ಪೆಟ್ರೋಲ್ ವಾಸನೆ ಹೊಡೆದರೆ, ಇಲ್ಲವೇ ಗಾಡಿ ಬಿಳಿ ಹೊಗೆ ಉಗುಳಿ ಗೇರ್ ಆಯಿಲ್ ಕಡಿಮೆ ಆಗುತ್ತಿದ್ದರೆ ಎಂಜಿನ್ನಿಗೂ ಗೇರ್ ಆಯಿಲ್‌ಗೂ ನಡುವೆ ತಡೆಯಾಗಿರುವ ಕ್ಲಚ್ ಕಡೆಯ ಆಯಿಲ್ ಸೀಲ್ ಹೋಗಿದೆ. ಅದಿದ್ದರೆ ಬರೀ ಪ್ಲೇಟ್ ಹಾಕಿ ಪ್ರಯೋಜನ ಇಲ್ಲ.

ಕೇಳಿದವರು, ಹತ್ತು ದಿನ ಬಿಟ್ಟು:

ನೀವು ಹೇಳಿದ ಕ್ರಮದಲ್ಲೇ ಹೋದೆ. ನ್ಯೂಟ್ರಲ್‌ನಲ್ಲಿ ಲಿವರ್ ಸರಿಯಾಗಿಯೇ ಸಡಿಲ ಇತ್ತು. ನಾಲ್ಕಕ್ಕೆ ತಿರುಗಿಸಿದೆ, ಕಲ್ಲಿನ ಹಾಗೆ ಬಿಗಿ! ಹ್ಯಾಂಡಲ್ ಮೇಲಿನ ಮುಚ್ಚಳ ತೆಗೆದರೆ ಹೊಸ ಕೇಬಲಿನ ಕವರ್ ಸ್ಪೀಡೋಮೀಟರ್ ಕೇಬಲಿನ ಕೆಳಗೆ ಸಿಕ್ಕಿ ಮಡಚಿಕೊಂಡಿತ್ತು. ಬಿಡಿಸಿ ಸರಿಯಾಗಿ ಕೂರಿಸಿದೆ. ಕಾರಿನ ಆಯಿಲ್ ಇಳಿಸಿದೆ, ಪೆಟ್ರೋಲ್ ವಾಸನೆ ಇರಲಿಲ್ಲ, 20ಡಬ್ಲ್ಯೂ40 ಹಾಕಿದೆ. ರಿಂಗ್ ರೋಡಿನಲ್ಲಿ ನಾಲ್ಕನೇ ಗೇರಿನಲ್ಲಿ ಈಗ ಹಿಡಿಯುತ್ತದೆ. ನಿನ್ನೆ ಒಬ್ಬನೇ ಬೆಟ್ಟಕ್ಕೆ ಹೋದೆ. ನಂದಿಯ ತನಕ ಎರಡನೇ ಗೇರಿನಲ್ಲಿ ಆರಾಮಾಗಿ ಹೋಯಿತು, ಮೂರಕ್ಕೆ ಹಾಕಿ ಜೋರು ಮಾಡಿದರೆ ಇನ್ನೂ ಚೂರು ಜಾರುತ್ತದೆ. ಇಷ್ಟು ದಿನ ಜಾರಿದ್ದಕ್ಕೆ ಪ್ಲೇಟೂ ಸೀದಿರಬೇಕು ಅಲ್ವಾ? ಯಾದವಗಿರಿಯವರು ಟೂಲ್ ಕೊಡುತ್ತೇನೆ ಅಂದಿದ್ದಾರೆ, ನಾಳೆ ಭಾನುವಾರ ಬಿಚ್ಚುತ್ತೇವೆ. ಪ್ಲೇಟು ಈಗಾಗಲೇ ಆಯಿಲ್‌ನಲ್ಲಿ ನೆನೆಯುತ್ತಿದೆ. ಸಾರಿನಪುಡಿ ಡಬ್ಬಿ ಎಲ್ಲಿ ಅಂತ ಹೆಂಡತಿ ಬೆಳಗಿನಿಂದ ಹುಡುಕುತ್ತಿದ್ದಾಳೆ, ನಾನು ಬಾಯಿ ಬಿಟ್ಟಿಲ್ಲ.