ಜಾಕ್‌ಫ್ರೂಟ್‌ನಲ್ಲಿರೋ ಈ ಜಾಕ್ ಯಾರು?

ತೀರ್ಥಹಳ್ಳಿ ಮನೆ: ಮಗಳು ಕೇಳಿದಳು, ನನಗೆ ಉತ್ತರ ಹೊಳೆಯಲಿಲ್ಲ. ಹಲಸಿಗೆ ಇಂಗ್ಲಿಷಿನಲ್ಲಿ ಜಾಕ್‌ಫ್ರೂಟ್ ಅಂತಾರಲ್ಲ, ಆ ಜಾಕ್ ಯಾರು? ಟೈರ್ ಬದಲಿಸುವಾಗ ಕೊಡೋ ಜಾಕ್, ಇಸ್ಪೀಟಿನ ಜಾಕ್, ಇವಕ್ಕೂ ಹಣ್ಣಿಗೂ ನಂಟಿದೆಯಾ? ನಮ್ಮ ಹಿತ್ತಲಿನ ಹಣ್ಣಿಗೆ ಯಾವನೋ ಬಿಳಿಯನ ಹೆಸರು ಅಂದ್ರೆ ಒಪ್ಪೋಕೆ ಮನಸ್ಸಿಲ್ಲ.

ಸಾಗರದವನು: ಬಿಳಿಯ ಅಲ್ಲವೇ ಅಲ್ಲ! ಹೆಸರು ಹೋಗಿದ್ದು ಮಲಬಾರಿನಿಂದ. ಮಲಯಾಳಿಗಳು ಈ ಹಣ್ಣಿಗೆ ಚಕ್ಕ ಅಂತಾರೆ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ ಮೇಲೆ ಪೋರ್ಚುಗೀಸರು ಆ ಕರಾವಳಿಯಲ್ಲಿ ಬೀಡುಬಿಟ್ಟರಲ್ಲ, ಅವರ ಬಾಯಲ್ಲಿ ಚಕ್ಕ ಹೋಗಿ ಜಾಕ ಆಯ್ತು. ಗೋವಾದಲ್ಲಿದ್ದ ವೈದ್ಯ ಗಾರ್ಸಿಯಾ ಡ ಓರ್ತ 1563ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲೂ ಇದೇ ಹೆಸರಿದೆ. ಇಂಗ್ಲಿಷರು ಅದನ್ನು ಜಾಕ್ ಮಾಡಿಕೊಂಡರು, ಫ್ರೂಟ್ ಆಮೇಲೆ ಅಂಟಿದ್ದು. ಮಲಯಾಳದಲ್ಲಿ ಮರಕ್ಕೆ ಮಾತ್ರ ಬೇರೆ ಹೆಸರು, ಪ್ಲಾವು. ನಮ್ಮ ಹಲಸಿನ ಹಳೇ ರೂಪ ಪಲಸು. ಎರಡೂ ಒಂದೇ ಬೇರಿನವು.

ಶಿವಮೊಗ್ಗ ಮೇಷ್ಟ್ರು: ಉಳಿದೆರಡು ಜಾಕ್‌ಗಳ ಕಥೆ ಬೇರೆ. ಅಲ್ಲಿ ಜಾಕ್ ಅಂದ್ರೆ ಜಾನ್ ಅನ್ನೋ ಹೆಸರನ್ನು ಮುದ್ದಾಗಿ ಕರೆಯೋದು. ಇಂಗ್ಲೆಂಡಿನಲ್ಲಿ ಊರಿಗೆಲ್ಲ ಜಾಕ್‌ಗಳೇ ಇದ್ದರು, ಹಾಗಾಗಿ ಯಾವ ಸಾಮಾನ್ಯ ಮನುಷ್ಯನಿಗಾದರೂ, ಅದರಲ್ಲೂ ಆಳುಮಗನಿಗೆ, ಅದೇ ಹೆಸರು ನಿಂತಿತು. ಮರ ಕಡಿಯೋನು ಲಂಬರ್‌ಜಾಕ್. ಆಳು ಮಾಡೋ ಕೆಲಸವನ್ನು ಸಲಕರಣೆ ಮಾಡಿದರೆ ಅದೂ ಜಾಕ್, ಕಾರು ಎತ್ತೋದು ಅದೇ. ಇಸ್ಪೀಟಿನಲ್ಲಿ ಮೊದಲು ಆ ಎಲೆಗೆ ನೇವ್ ಅಂತಿದ್ದರು, ಅಂದ್ರೆ ಚಾಕರಿಯ ಹುಡುಗ. ನಾವು ಗುಲಾಮ ಅನ್ನೋದೂ ಅದೇ ಅರ್ಥದಲ್ಲಿ ಅಲ್ವಾ? ಇಪ್ಪತ್ತೆಂಟು ಆಟದಲ್ಲಿ ರಾಜ, ರಾಣಿ ಇಬ್ಬರಿಗೂ ಸೊನ್ನೆ, ಗುಲಾಮನಿಗೆ 3 ಪಾಯಿಂಟು. ನನಗೆ ಆ ಲೆಕ್ಕ ತುಂಬಾ ಇಷ್ಟ.

ಹೊಸನಗರ ತೋಟ: ಒಂದು ಮಾತು ಸೇರಿಸ್ತೀನಿ. ಬಕ್ಕೆ, ಅಂಬಲಿ ಅಂತ ನಾವು ಬೇರೆ ಮಾಡ್ತೀವಲ್ಲ, ಒಂದರ ತೊಳೆ ಗಟ್ಟಿ, ಇನ್ನೊಂದು ಬಾಯಿಗಿಟ್ಟರೆ ಜಾರಿ ಹೋಗುತ್ತೆ. ಇಂಗ್ಲಿಷಿನಲ್ಲಿ ಎರಡೂ ಸುಮ್ನೆ ಜಾಕ್‌ಫ್ರೂಟ್. ಮಗಳಿಗೆ ಈ ಹೆಸರುಗಳನ್ನೂ ಕಲಿಸಿ, ಮರೆತು ಹೋಗ್ತಿವೆ.

ತೀರ್ಥಹಳ್ಳಿ ಮನೆ: ಬಕ್ಕೆ ಅವಳಿಗೆ ಗೊತ್ತು, ಕೈಗೆ ಎಣ್ಣೆ ಹಚ್ಚಿಕೊಂಡು ತಾನೇ ತೊಳೆ ಬಿಡಿಸ್ತಾಳೆ. ಈಗ ಜಾಕ್‌ಪಾಟ್ ಯಾವ ಜಾಕ್ ಅಂತ ಕೇಳ್ತಿದಾಳೆ!

ಶಿವಮೊಗ್ಗ ಮೇಷ್ಟ್ರು: ಗುಲಾಮನೇ. ಪೋಕರಿನ ಒಂದು ಬಗೆಯಲ್ಲಿ ಕೈಲಿ ಜೋಡಿ ಗುಲಾಮ ಅಥವಾ ಅದಕ್ಕಿಂತ ದೊಡ್ಡದು ಇಲ್ಲದೆ ಪಂದ್ಯ ಶುರು ಮಾಡೋ ಹಾಗಿಲ್ಲ. ಯಾರಿಗೂ ಬೀಳದಿದ್ದರೆ ಮತ್ತೆ ಎಲೆ ಹಾಕ್ತಾರೆ, ನಡುವಿನ ದುಡ್ಡು ಬೆಳೀತಾ ಹೋಗುತ್ತೆ. ಆ ದುಡ್ಡಿನ ರಾಶಿಯೇ ಜಾಕ್‌ಪಾಟ್.