ಹೈದರಾಬಾದಿನ ಸುಶಿ–ಥಾಯ್ ರೆಸ್ಟೋರೆಂಟಿನಲ್ಲಿ ಶುದ್ಧ ಸಸ್ಯಾಹಾರಿ ಹಿರಿಯರು ಏನನ್ನು ಊಟ ಮಾಡಬಹುದು?

ಪ್ರಶ್ನೆ: ಬ್ರಹ್ಮಪುರದ ಓದುಗ, ಕಲಬುರಗಿ

ಎಲ್ಲರಿಗೂ ಶರಣು. ಹೈದರಾಬಾದಿನಲ್ಲಿ ನೌಕರಿ ಮಾಡುವ ನನ್ನ ತಂಗಿ, ಅಪ್ಪ-ಅವ್ವನ ಮದುವೆಗೆ 40 ವರ್ಷ ತುಂಬುವ ಸಂದರ್ಭಕ್ಕೆಂದು, ಬರುವ ಮೇ ತಿಂಗಳಲ್ಲಿ ಜುಬಿಲಿ ಹಿಲ್ಸ್‌ನ ಒಂದು ರೆಸ್ಟೋರೆಂಟಿನಲ್ಲಿ ನಮ್ಮೆಲ್ಲರಿಗೂ ರಾತ್ರಿಯ ಊಟ ಏರ್ಪಡಿಸುತ್ತಿದ್ದಾಳೆ. ಜಪಾನಿನ ಸುಶಿ ಮತ್ತು ಥಾಯ್ ಅಡುಗೆ ಎರಡೂ ಒಂದೇ ಸೂರಿನಡಿ ಸಿಗುವ, ಒಳ್ಳೆಯ ದೀಪ, ಮರದ ಕೆತ್ತನೆ, ಎದುರಿಗೇ ಸುಶಿ ಕಟ್ಟಿಕೊಡುವ ಕೌಂಟರ್ ಇರುವ ಚೆಂದದ ಜಾಗವದು. ತನ್ನ ಸಂಬಳದ ದುಡ್ಡಿನಲ್ಲಿ ತಂದೆ-ತಾಯಿಗೆ ತಾನು ಇಷ್ಟಪಟ್ಟ ಊಟ ಮಾಡಿಸಬೇಕೆಂಬ ಅವಳ ಆಸೆಗೆ ಬೇಡವೆನ್ನಲು ನನಗೆ ಮನಸ್ಸಿಲ್ಲ.

ಆದರೆ ಅಪ್ಪ-ಅವ್ವ ಇಬ್ಬರೂ ಇಷ್ಟಲಿಂಗ ಧರಿಸಿದವರು. ಮೀನು, ಮಾಂಸ, ಮೊಟ್ಟೆ, ಮದ್ಯ ಯಾವುದನ್ನೂ ಮುಟ್ಟುವವರಲ್ಲ. ಮೊಬೈಲಿನಲ್ಲಿ ಮೆನು ನೋಡಿದರೆ ವೆಜ್ ಸುಶಿ, ವೆಜ್ ಗ್ರೀನ್ ಕರಿ, ವೆಜ್ ಪ್ಯಾಡ್ ಥಾಯ್ ಎಂದೆಲ್ಲ ಹಸಿರು ಗುರುತಿನೊಂದಿಗೆ ಬರೆದಿದೆ. ಥಾಯ್ ಅಡುಗೆಯ ಸಾಸಿನಲ್ಲಿಯೇ ಮೀನು ಇರುತ್ತದೆ ಎಂದು ಗೆಳೆಯರೊಬ್ಬರು ಹೇಳಿದ ಮೇಲೆ ನನಗೆ ನೆಮ್ಮದಿಯಿಲ್ಲ. ಮೇಲೆ ಹಾಕಿದ ತರಕಾರಿಯನ್ನು ನೋಡಿ ಸಸ್ಯಾಹಾರವೆಂದು ನಂಬಬಹುದೇ, ಇಲ್ಲವಾದರೆ ಯಾವುದನ್ನು ಕೇಳಿ ತಿಳಿದುಕೊಳ್ಳಬೇಕು? ತಂಗಿಯ ಗಂಡ ಮೀನು ತಿನ್ನುವವರು, ಹಸಿ ಮೀನಿನ ಸಶಿಮಿ ಬೇಕೆನ್ನುತ್ತಾರೆ. ನನ್ನ ಹೆಂಡತಿ ಐದು ತಿಂಗಳ ಬಸುರಿ, ಆಕೆಯೂ ಮೀನು ತಿನ್ನುತ್ತಾಳೆ. ಅನುಭವವುಳ್ಳವರು ದಯವಿಟ್ಟು ತಿಳಿಸಿಕೊಡಿ.

ಉತ್ತರ: ಸೇಡಂ ರಸ್ತೆಯ ಖಾನಾವಳಿ

ಶರಣು ಸರ್. ಹೈದರಾಬಾದಿನ ಹೋಟೆಲುಗಳ ಅಡುಗೆಮನೆಯಲ್ಲಿ ಹಲವು ವರ್ಷ, ಅದರಲ್ಲಿ ಬಹುಪಾಲು ಥಾಯ್ ವಿಭಾಗದಲ್ಲಿ ದುಡಿದು ಈಗ ಊರಿಗೆ ಮರಳಿ ಖಾನಾವಳಿ ನಡೆಸುತ್ತಿದ್ದೇನೆ. ನಿಮ್ಮ ಗೆಳೆಯರು ಹೇಳಿದ್ದು ನಿಜ. ಇಂಥ ರೆಸ್ಟೋರೆಂಟಿನಲ್ಲಿ ಕಣ್ಣಿಗೆ ಕಾಣುವ ತುಂಡುಗಳಿಂದ ಏನೂ ತಿಳಿಯುವುದಿಲ್ಲ. ಮೀನು ಇರುವುದು ಸಾರಿನಲ್ಲಿ, ರುಬ್ಬಿದ ಮಸಾಲೆಯಲ್ಲಿ ಮತ್ತು ಬಾಟಲಿಯಲ್ಲಿ.

ಗ್ರೀನ್ ಕರಿಯನ್ನೇ ತೆಗೆದುಕೊಳ್ಳಿ. ಹಸಿಮೆಣಸಿನಕಾಯಿ, ಬಳ್ಳೊಳ್ಳಿ, ಸಣ್ಣ ಉಳ್ಳಾಗಡ್ಡಿ, ನಿಂಬೆಹುಲ್ಲು, ಕೊತ್ತಂಬರಿ ಬೇರು, ಶುಂಠಿಯ ಜಾತಿಯದೇ ಆದ ಗ್ಯಾಲಂಗಲ್ ಗಡ್ಡೆ, ಸುಕ್ಕುಸುಕ್ಕಾದ ಒಂದು ಬಗೆಯ ನಿಂಬೆಯ ಸಿಪ್ಪೆ, ಇವನ್ನೆಲ್ಲ ಅರೆದು ಮಾಡುವ ಮಸಾಲೆಗೆ ‘ಕಪಿ’ ಎಂಬ ಹುಳಿಸಿದ ಸಿಗಡಿಯ ಮುದ್ದೆಯನ್ನು ಸೇರಿಸುವುದು ಅಲ್ಲಿನ ಪದ್ಧತಿ. ಅದು ಅರೆದು ಒಂದಾಗಿ ಹೋಗುವುದರಿಂದ ಆಮೇಲೆ ಬೇರೆ ಮಾಡಲು ಸಾಧ್ಯವೇ ಇಲ್ಲ. ಇದರ ಮೇಲೆ, ನಾವು ಉಪ್ಪು ಹಾಕುವ ಕಡೆ ಥಾಯ್ ಅಡುಗೆಯವರು ‘ನಾಮ್ ಪ್ಲಾ’ ಹಾಕುತ್ತಾರೆ. ಸಣ್ಣ ಮೀನುಗಳನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಹುಳಿಸಿ ಸೋಸಿದ ಕಂದು ಬಣ್ಣದ ತಿಳಿ ದ್ರವ ಅದು. ಹೆಂಚಿನ ಕಾವಿಗೆ ಬಿದ್ದ ಕೂಡಲೇ ಅದರ ವಾಸನೆ ಹಾರಿಹೋಗಿ ರುಚಿ ಮಾತ್ರ ಉಳಿಯುವುದರಿಂದ, ಎಂದೂ ಮೀನು ತಿನ್ನದವರಿಗೂ ಬಾಯಿಗೆ ಅದು ಗೊತ್ತಾಗದೆ ಹೋಗಬಹುದು.

ಆದ್ದರಿಂದ ‘ವೆಜ್ ಇದೆಯೇ’ ಎಂದು ಕೇಳಬೇಡಿ. ಇದೆ ಎಂದೇ ಹೇಳುತ್ತಾರೆ. ‘ಕರಿ ಪೇಸ್ಟ್ ನೀವೇ ಅರೆಯುತ್ತೀರೋ, ಕೊಂಡು ತರುತ್ತೀರೋ, ಅದರಲ್ಲಿ ಸಿಗಡಿ ಇದೆಯೋ ಇಲ್ಲವೋ’ ಎಂದು ಕೇಳಿ. ಕೊಂಡು ತಂದದ್ದಾದರೆ ಪೊಟ್ಟಣವನ್ನೇ ತೋರಿಸಲು ಹೇಳಿ. ಪೊಟ್ಟಣದ ಆಹಾರದ ಮೇಲೆ ಸಸ್ಯಾಹಾರದ ಹಸಿರು ಗುರುತು ನಮ್ಮ ದೇಶದಲ್ಲಿ ಕಡ್ಡಾಯ. ಒಳ್ಳೆಯ ಅಡುಗೆಮನೆಗಳು ಸಿಗಡಿಯಿಲ್ಲದ ಪೇಸ್ಟನ್ನು ಬೇರೆ ಡಬ್ಬಿಯಲ್ಲಿ ಇಟ್ಟಿರುತ್ತವೆ, ನಾಮ್ ಪ್ಲಾ ಬದಲು ಸೋಯಾ ಸಾಸ್ ಬಳಸುತ್ತವೆ. ಹಾಗಿದ್ದರೆ ಹಿರಿಯರಿಗೆ ಮಸ್ಸಮನ್ ಕರಿಯನ್ನು ಹೇಳಿ ಎಂದು ನಾನು ಒತ್ತಿ ಹೇಳುತ್ತೇನೆ. ಮುಸ್ಲಿಂ ವರ್ತಕರ ಅಡುಗೆಯ ಪ್ರಭಾವದಿಂದ ಬೆಳೆದ ಆ ಪದಾರ್ಥದಲ್ಲಿ ದಾಲ್ಚಿನ್ನಿ, ಏಲಕ್ಕಿ, ಜೀರಿಗೆ, ಆಲೂಗಡ್ಡೆ, ಶೇಂಗಾ, ಹುಣಸೆಹುಳಿ ಇರುತ್ತವೆ. ದಿನವೂ ಶೇಂಗಾ ಹಿಂಡಿ ಹಚ್ಚಿಕೊಂಡು ರೊಟ್ಟಿ ತಿನ್ನುವವರ ನಾಲಗೆಗೆ ಅದು ಅಪರಿಚಿತ ಎನ್ನಿಸುವುದಿಲ್ಲ.

ಅಕ್ಕಿ ಶಾವಿಗೆಯನ್ನು ಹುರಿದು ಮಾಡುವ ಪ್ಯಾಡ್ ಥಾಯ್‌ನಲ್ಲಿ ಹುಣಸೆ, ಬೆಲ್ಲ, ಶೇಂಗಾ ಇದ್ದರೂ ಮೊಟ್ಟೆ, ಒಣ ಸಿಗಡಿ, ನಾಮ್ ಪ್ಲಾ ಮೂರೂ ಸೇರುತ್ತವೆ. ಮೂರನ್ನೂ ಹೆಸರಿಟ್ಟು ಬೇಡ ಎನ್ನಬೇಕು. ಪಪ್ಪಾಯಿ ಕಾಯಿಯ ಸೋಮ್ ತಮ್ ಕುಟ್ಟಾಣಿಯಲ್ಲಿ ಆಗಿಂದಾಗಲೇ ಕುಟ್ಟಿ ಕೊಡುವ ಪದಾರ್ಥವಾದ್ದರಿಂದ ಸಿಗಡಿ ಬಿಡುವುದು ಸುಲಭ, ಆದರೆ ಕುಟ್ಟಾಣಿಯನ್ನು ತೊಳೆದಿರಬೇಕು. ಟಾಮ್ ಯಮ್ ಸಾರನ್ನು ಹಿರಿಯರಿಗೆ ಹೇಳಲೇಬೇಡಿ. 2024ರಲ್ಲಿ ಯುನೆಸ್ಕೊ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದ ಟಾಮ್ ಯಮ್ ಕುಂಗ್ ಮೂಲತಃ ಸಿಗಡಿಯ ಸಾರು. ತರಕಾರಿ ಹಾಕಿದ ರೂಪದಲ್ಲಿಯೂ ಅದಕ್ಕೆ ಬಳಸುವ ಹುರಿದ ಮೆಣಸಿನಕಾಯಿಯ ಪೇಸ್ಟಿನಲ್ಲಿ ಸಾಮಾನ್ಯವಾಗಿ ಒಣ ಸಿಗಡಿ ಇರುತ್ತದೆ.

ಸುಶಿಯ ಕಡೆ ಸಮಸ್ಯೆ ಕಡಿಮೆ. ಅಕ್ಕಿಯಿಂದ ತೆಗೆದ ವಿನಿಗರ್, ಸಕ್ಕರೆ, ಉಪ್ಪು ಕಲಸಿದ ಗಿಡ್ಡ ಕಾಳಿನ ಅಂಟನ್ನ, ಸಮುದ್ರದ ಪಾಚಿಯಿಂದ ಮಾಡಿದ ನೋರಿ ಹಾಳೆ, ಒಳಗೆ ಸವತೆಕಾಯಿ ಅಥವಾ ಅವಕಾಡೊ. ಇಷ್ಟೇ ಇದ್ದರೆ ನಿಶ್ಚಿಂತೆಯಿಂದ ತಿನ್ನಬಹುದು. ಮೇಯೊನೀಸ್ ಹಾಕಿದ ರೋಲಿನಲ್ಲಿ ಮೊಟ್ಟೆ ಇರಬಹುದು, ಟೆಂಪುರಾದ ಹಿಟ್ಟಿನಲ್ಲಿಯೂ ಮೊಟ್ಟೆ ಇರಬಹುದು, ಅದನ್ನು ಕರಿಯುವ ಎಣ್ಣೆಯಲ್ಲೇ ಸಿಗಡಿಯನ್ನೂ ಕರಿಯುತ್ತಾರೆ. ಹುಳಿಸಿದ ಸೋಯಾ ಮುದ್ದೆ ಕದಡಿ ಮಾಡುವ ಮೀಸೊ ಸೂಪಿನ ತಳಹದಿ ‘ದಾಶಿ’ ಎಂಬ ಸಾರು. ಅದನ್ನು ಒಣಗಿಸಿ ಹೆರೆದ ಬೊನಿಟೊ ಮೀನಿನಿಂದ ತೆಗೆಯುತ್ತಾರೆ. ತೆರಿಯಾಕಿ ಸಾಸಿಗೆ ಹಾಕುವ ಮಿರಿನ್ ಅಕ್ಕಿಯ ಮದ್ಯದ ಜಾತಿಯದು ಎಂಬುದನ್ನು ನಿಮ್ಮ ತಂದೆಯವರ ನಿಯಮಕ್ಕಾಗಿ ಹೇಳುತ್ತಿದ್ದೇನೆ.

ಉತ್ತರ: ಶಹಾಪುರದ ಅಕ್ಕ, ಈಗ ಹೈದರಾಬಾದ್

ತಮ್ಮಾ, ಖಾನಾವಳಿಯ ಅಣ್ಣಾವರು ಹೇಳಿದ್ದಕ್ಕಿಂತ ಹೆಚ್ಚಿನದನ್ನು ಅಡುಗೆಯ ಬಗ್ಗೆ ನಾನು ಹೇಳಲಾರೆ. ಮೇಜಿನ ಮೇಲೆ ಹಿರಿಯರಿಗೆ ಮುಜುಗರವಾಗದಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯವೆಂದು ನನಗೆ ಅನ್ನಿಸುವುದರಿಂದ ಕೆಲವು ಮಾತು.

ಸುಶಿಯ ತಟ್ಟೆಯ ಅಂಚಿನಲ್ಲಿ ಹಸಿರು ಮುದ್ದೆಯೊಂದನ್ನು ಇಟ್ಟಿರುತ್ತಾರೆ. ನೋಡಲು ಥೇಟ್ ಕೊತ್ತಂಬರಿ ಚಟ್ನಿ. ತಟ್ಟೆಯ ಅಂಚಿನ ಚಟ್ನಿಯನ್ನು ಬೆರಳಿನಿಂದ ಬಳಿದು ತಿನ್ನುವ ರೂಢಿ ಇರುವ ನಮ್ಮವರು ಅದನ್ನೂ ಹಾಗೆಯೇ ಬಾಯಿಗೆ ಇಟ್ಟರೆ ಉಸಿರು ಕಟ್ಟಿ ಕಣ್ಣಲ್ಲಿ ನೀರು ಬರುತ್ತದೆ. ಅದು ವಸಾಬಿ, ಅದರ ಖಾರ ಮೆಣಸಿನಕಾಯಿಯ ಹಾಗೆ ನಾಲಗೆಯಲ್ಲಿ ನಿಲ್ಲದೆ ಸಾಸಿವೆಯ ಘಾಟಿನಂತೆ ಮೂಗಿಗೆ ಏರುತ್ತದೆ, ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಕೂತ ಕೂಡಲೇ ಅವ್ವನವರಿಗೆ ಇದನ್ನು ತಿಳಿಸಿರಿ, ಅಥವಾ ಅವರ ತಟ್ಟೆಗೆ ಇಡಬೇಡಿ ಎಂದು ಮೊದಲೇ ಹೇಳಿರಿ. ಪಕ್ಕದಲ್ಲಿರುವ ತಿಳಿ ಗುಲಾಬಿ ಬಣ್ಣದ ತೆಳು ಹೋಳುಗಳು ಶುಂಠಿಯ ಉಪ್ಪಿನಕಾಯಿ. ಒಂದು ತುತ್ತಿಗೂ ಮುಂದಿನ ತುತ್ತಿಗೂ ನಡುವೆ ಬಾಯಿ ಶುಚಿ ಮಾಡಿಕೊಳ್ಳಲು ಅದನ್ನು ತಿನ್ನುತ್ತಾರೆ.

ಕಡ್ಡಿಗಳನ್ನು ಹಿಡಿಯಲು ಯಾರನ್ನೂ ಒತ್ತಾಯಿಸಬೇಡಿ. ಇಂದು ನಾವು ನೋಡುವ, ಕೈಯಲ್ಲಿ ಅದುಮಿ ಕಟ್ಟುವ ಸುಶಿ 19ನೇ ಶತಮಾನದ ಮೊದಲ ಭಾಗದಲ್ಲಿ ಎದೊ ನಗರದ, ಅಂದರೆ ಇಂದಿನ ಟೋಕಿಯೊದ, ಬೀದಿ ಅಂಗಡಿಗಳಲ್ಲಿ ಬೆಳೆದ ತಿಂಡಿ. ಅದನ್ನು ಕೈಯಿಂದ ತಿನ್ನುವುದು ಜಪಾನಿನಲ್ಲಿಯೂ ಮರ್ಯಾದೆಯ ಪದ್ಧತಿಯೇ. ಥಾಯ್ ಅನ್ನ-ಕರಿಯನ್ನು ಥಾಯ್ಲೆಂಡಿನವರು ಚಮಚ ಮತ್ತು ಫೋರ್ಕಿನಿಂದ ತಿನ್ನುತ್ತಾರೆ. ಹಾಗಾಗಿ ಅಪ್ಪನವರು ಕೈಯಿಂದ ಉಂಡರೂ, ಚಮಚ ಕೇಳಿದರೂ ಅಲ್ಲಿನ ಯಾರೂ ತಪ್ಪು ತಿಳಿಯುವುದಿಲ್ಲ. ಇನ್ನೊಂದು ಮಾತು: ಸುಶಿ ತಣ್ಣಗಿನ ಪದಾರ್ಥ, ಅದೂ ಚೂರು ಚೂರೇ ಬರುತ್ತದೆ. ಬಿಸಿ ಊಟಕ್ಕೆ ಒಗ್ಗಿದ ಹಿರಿಯರಿಗೆ ಅದನ್ನೇ ಮೊದಲು ಕೊಟ್ಟು ಕೂರಿಸಿದರೆ ಹಸಿವು ಹಾಗೆಯೇ ಉಳಿಯುತ್ತದೆ. ಕರಿ ಮತ್ತು ಬಿಸಿ ಅನ್ನವನ್ನು ಅವರಿಗೆ ಮುಂಚಿತವಾಗಿ ತರಿಸಿ, ಸವತೆಕಾಯಿಯ ಸುಶಿಯನ್ನು ರುಚಿ ನೋಡಲು ಮಾತ್ರ ಇಡಿ.

ಉತ್ತರ: ಬೀದರಿನ ವೈದ್ಯೆ

ನಿಮ್ಮ ಮನೆಯವರ ವಿಷಯವಾಗಿ ಸ್ಪಷ್ಟವಾಗಿ ಹೇಳಬೇಕಾಗಿದೆ: ಬಸುರಿಯಾದವರು ಹಸಿ ಮೀನನ್ನು, ಅದು ಎಷ್ಟೇ ಒಳ್ಳೆಯ ರೆಸ್ಟೋರೆಂಟಿನದಾಗಿರಲಿ, ತಿನ್ನಬಾರದು. ಹಸಿಯಾಗಿ ಬಡಿಸುವ ಮೀನನ್ನು ಮೊದಲು ಗಟ್ಟಿಯಾಗಿ ಹೆಪ್ಪುಗಟ್ಟಿಸಿ ಇಡುವ ನಿಯಮ ಹಲವು ದೇಶಗಳಲ್ಲಿದೆ. ಅಮೆರಿಕದ ಆಹಾರ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗೆ 7 ದಿನ ಇಟ್ಟರೆ ಮೀನಿನೊಳಗಿನ ಹುಳುಗಳು ಸಾಯುತ್ತವೆ. ಹುಳು ಸತ್ತರೂ ಲಿಸ್ಟೀರಿಯಾದಂಥ ಬ್ಯಾಕ್ಟೀರಿಯಾ ಆ ಚಳಿಯಲ್ಲಿ ಸಾಯುವುದಿಲ್ಲ, ಗರ್ಭಿಣಿಯರಿಗೆ ನಿಜವಾದ ಅಪಾಯವಿರುವುದು ಅದರಿಂದಲೇ. ಚೆನ್ನಾಗಿ ಬೇಯಿಸಿದ ಸಿಗಡಿ ಅಥವಾ ಮೀನು ಹಾಕಿದ, ಬಿಸಿಯಾಗಿ ಬಡಿಸುವ ಥಾಯ್ ಪದಾರ್ಥವನ್ನು ಅವರು ಸಂತೋಷದಿಂದ ತಿನ್ನಲಿ. ತಂಗಿಯ ಗಂಡನವರು ಆರೋಗ್ಯವಂತರಾಗಿದ್ದರೆ ಸಶಿಮಿ ತಿನ್ನುವುದು ಅವರ ಆಯ್ಕೆ. ಆ ತಟ್ಟೆ ಬಂದ ಕೂಡಲೇ ತಿಂದು ಮುಗಿಸಬೇಕು. ಮಾತಿಗೆ ಕೂತು ಅರ್ಧ ಗಂಟೆ ಬಿಡಬಾರದು, ಉಳಿದದ್ದನ್ನು ಕಟ್ಟಿಸಿಕೊಂಡು ಹೋಗಬಾರದು.

ತಂದೆಯವರಿಗೆ ಬಿ.ಪಿ. ಇದೆಯೇ ಎಂಬುದನ್ನು ನೀವು ಬರೆದಿಲ್ಲ. ಇದ್ದರೆ ಸೋಯಾ ಸಾಸಿನ ಬಗ್ಗೆ ಎಚ್ಚರ ಬೇಕು. ಒಂದು ದೊಡ್ಡ ಚಮಚ ಸಾಸಿನಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ, ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ದಿನಕ್ಕೆ ಹೇಳುವ ಮಿತಿ 2000 ಮಿಲಿಗ್ರಾಂಗಿಂತ ಕಡಿಮೆ. ಅನ್ನದ ಭಾಗವನ್ನು ಸಾಸಿನಲ್ಲಿ ಅದ್ದಿದರೆ ಅದು ಹೀರಿಕೊಂಡು ಬಿಡುತ್ತದೆ, ಆದ್ದರಿಂದ ತುದಿಯನ್ನು ಮಾತ್ರ ತಾಗಿಸಲಿ. ಸಕ್ಕರೆ ಕಾಯಿಲೆ ಇರುವವರು ಯಾರಾದರೂ ಇದ್ದರೆ, ಸುಶಿಯ ಅನ್ನಕ್ಕೇ ಸಕ್ಕರೆ ಬೆರೆಸಿರುತ್ತಾರೆ ಎಂಬುದನ್ನು ನೆನಪಿಡಿ.

ಉತ್ತರ: ಹುಮನಾಬಾದಿನ ವಾಚಕ

ಎಲ್ಲರೂ ಒಳ್ಳೆಯ ಮಾಹಿತಿ ಕೊಟ್ಟಿದ್ದೀರಿ, ಆದರೂ ನನ್ನ ಅಭಿಪ್ರಾಯ ಬೇರೆ. ಪೇಸ್ಟ್ ಬದಲಿಸಿದರೂ ಕತ್ತರಿಸುವ ಮಣೆ, ಚಾಕು, ಬಾಣಲೆ ಅವೇ ತಾನೆ? ಲಿಂಗಪೂಜೆಯಾಗದೆ ತುತ್ತು ಎತ್ತದ ಹಿರಿಯರು, ಎದುರಿಗೇ ಹಸಿ ಮೀನು ಕೊಯ್ಯುವುದನ್ನು ನೋಡುತ್ತ ಮಗಳ ಮುಖ ನೋಡಿ ಸುಮ್ಮನೆ ಉಣ್ಣುವಂತಾಗಬಾರದು. ಹೈದರಾಬಾದಿನಲ್ಲಿ ಶುದ್ಧ ಸಸ್ಯಾಹಾರಿ ಹೋಟೆಲುಗಳಿಗೆ ಕೊರತೆಯಿಲ್ಲ. ಸಂಭ್ರಮ ಅವರದ್ದಾದ ಮೇಲೆ ಜಾಗವನ್ನೂ ಅವರನ್ನೇ ಕೇಳಿ ಗೊತ್ತು ಮಾಡುವುದು ಸರಿಯಲ್ಲವೇ?

ಪ್ರಶ್ನೆ ಕೇಳಿದವರು: ಬ್ರಹ್ಮಪುರದ ಓದುಗ

ಹುಮನಾಬಾದಿನ ಹಿರಿಯರ ಮಾತು ಮನಸ್ಸಿಗೆ ತಟ್ಟಿತು. ನಿನ್ನೆ ರಾತ್ರಿ ಊಟವಾದ ಮೇಲೆ ಈ ಉತ್ತರಗಳನ್ನೆಲ್ಲ ಅಪ್ಪ-ಅವ್ವನ ಎದುರಿಗೆ ಓದಿ ಹೇಳಿದೆ. ‘ಒಲೆಯೊಳಗ ನಮಗ ಬ್ಯಾರೆ ಭಾಂಡಿ ಇಡ್ತಾರಂದ್ರ ಬರ್ತೀವಿ, ಇಲ್ಲಂದ್ರ ನೀವು ಉಣ್ರಿ, ನಾವು ಹಣ್ಣು ತಿಂದು ನಿಮ್ಮ ಕೂಡ ಕೂಡ್ತೀವಿ’ ಎಂದು ಅವ್ವ ಹೇಳಿದಳು. ಅಪ್ಪನಿಗೆ ಬಿ.ಪಿ. ಇದೆ, ಡಾಕ್ಟರಮ್ಮನವರು ಹೇಳಿದಂತೆ ಸಾಸ್ ಕಡಿಮೆ ಮಾಡುತ್ತೇವೆ. ಹೆಂಡತಿ ಹಸಿ ಮೀನಿನ ಆಸೆ ಬಿಟ್ಟಿದ್ದಾಳೆ. ಸುಶಿ ಕೌಂಟರಿನಿಂದ ದೂರದ ಮೇಜನ್ನು ಕೇಳುವಂತೆ ತಂಗಿಗೆ ತಿಳಿಸಿದ್ದೇನೆ. ಅವಳ ಗಂಡ ಸಶಿಮಿಯನ್ನು ಕೌಂಟರಿನಲ್ಲಿಯೇ ತಿಂದು ಬಂದು ಆಮೇಲೆ ನಮ್ಮೊಂದಿಗೆ ಕೂರಲು ಒಪ್ಪಿದ್ದಾರೆ. ಬೇರೆ ಪಾತ್ರೆಯ ಮಾತನ್ನು ಯಾರಿಗೆ, ಯಾವಾಗ, ಹೇಗೆ ಹೇಳಬೇಕು ಎಂಬುದೊಂದೇ ಉಳಿದಿದೆ.

ಉತ್ತರ: ಸೇಡಂ ರಸ್ತೆಯ ಖಾನಾವಳಿ

ಸರ್, ಊಟದ ದಿನ ಬಾಗಿಲಲ್ಲಿ ನಿಂತು ಹೇಳಿದರೆ ತಡವಾಗುತ್ತದೆ. ಎರಡು ದಿನ ಮೊದಲು, ಮಧ್ಯಾಹ್ನದ ಗಿರಾಕಿ ಮುಗಿದು ರಾತ್ರಿಯ ತಯಾರಿ ನಡೆಯುವ ಸಂಜೆ 4ರಿಂದ 6ರ ನಡುವೆ ಫೋನ್ ಮಾಡಿ, ಬುಕಿಂಗ್ ತೆಗೆದುಕೊಳ್ಳುವವರ ಬದಲು ಅಡುಗೆಮನೆಯ ಮುಖ್ಯಸ್ಥರನ್ನೇ ಮಾತಿಗೆ ಕರೆಯಿರಿ. ನನ್ನೊಂದಿಗೆ ದುಡಿದವರಲ್ಲಿ ನೇಪಾಳ, ಮಣಿಪುರ, ಡಾರ್ಜಿಲಿಂಗ್ ಕಡೆಯವರೇ ಹೆಚ್ಚು ಇದ್ದರು, ಹಿಂದಿ ಸಾಕು. ಅಡುಗೆಯವರು ಥಾಯ್ಲೆಂಡಿನವರೇ ಆಗಿದ್ದರೆ ‘ಜೇ’ ಊಟ ಬೇಕು ಎನ್ನಿ. ಥಾಯ್ಲೆಂಡಿನಲ್ಲಿ ಚೀನೀ ಮೂಲದವರು ವರ್ಷಕ್ಕೊಮ್ಮೆ 9 ದಿನಗಳ ವ್ರತದಲ್ಲಿ ಮಾಡುವ ಅಡುಗೆ ಅದು. ಮೀನು, ಮಾಂಸ, ಮೊಟ್ಟೆಯ ಮಾತು ಹಾಗಿರಲಿ, ಬಳ್ಳೊಳ್ಳಿ-ಉಳ್ಳಾಗಡ್ಡಿಯನ್ನೂ ಅದಕ್ಕೆ ಹಾಕುವುದಿಲ್ಲ. ವ್ರತದ ಅಡುಗೆಗೆ ಪಾತ್ರೆ ಬೇರೆ ಇಡುವುದು ಅವರಿಗೆ ಹೊಸದೇನಲ್ಲ, ಬೇಸರಪಟ್ಟುಕೊಳ್ಳುವುದಿಲ್ಲ.

ಕೇಳಬೇಕಾದದ್ದು ಇಷ್ಟು: ಇಬ್ಬರಿಗೆ ಬೇರೆ ಬಾಣಲೆ, ಬೇರೆ ಸೌಟು, ತೊಳೆದ ಮಣೆ ಮತ್ತು ಚಾಕು, ಸಿಗಡಿಯಿಲ್ಲದ ಪೇಸ್ಟು ಬೇಕು; ಮೀನಿನ ಸಾಸು, ಸಿಂಪಿಯೊಳಗಿನ ಜೀವಿಯಿಂದ ಮಾಡುವ ಆಯ್ಸ್ಟರ್ ಸಾಸು, ಮಿರಿನ್ ಯಾವುದೂ ಬೇಡ. ಆಯ್ಸ್ಟರ್ ಸಾಸಿನ ಮಾತು ಮೊದಲ ಉತ್ತರದಲ್ಲಿ ಬರಲಿಲ್ಲ, ಆದರೆ ಹುರಿದ ತರಕಾರಿಗೆಲ್ಲ ಅದನ್ನು ಹಾಕುತ್ತಾರೆ. ಮುಖ್ಯಸ್ಥರು ತಡವರಿಸದೆ ಒಪ್ಪಿದರೆ ಧೈರ್ಯವಾಗಿ ಹೋಗಿ; ‘ನೋಡೋಣ, ಬನ್ನಿ’ ಎಂದರೆ ಜಾಗ ಬದಲಿಸಿ. ಒಪ್ಪಿದವರು ರಾತ್ರಿ 7ಕ್ಕೇ ಬರಲು ಹೇಳಿದರೆ ಹೂಂ ಎನ್ನಿ, ಏಕೆಂದರೆ 9ರ ಗದ್ದಲದಲ್ಲಿ ಬೇರೆ ಬಾಣಲೆಯನ್ನು ಕಾಯ್ದುಕೊಳ್ಳುವುದು ಎಂಥ ಅಡುಗೆಯವರಿಗೂ ಕಷ್ಟ.

ಮೇ ತಿಂಗಳು ಎಂದರೆ ಮಾವಿನ ಕಾಲ. ತೆಂಗಿನ ಹಾಲಿನಲ್ಲಿ ಕಲಸಿದ ಅಂಟನ್ನವನ್ನು ಮಾವಿನ ಹಣ್ಣಿನೊಂದಿಗೆ ಕೊಡುವ ಸಿಹಿಯಲ್ಲಿ ಮುಖ್ಯವಾಗಿ ಅನ್ನ, ತೆಂಗು, ಸಕ್ಕರೆ, ಉಪ್ಪು, ಹಣ್ಣು ಇರುತ್ತವೆ, ಅಪ್ಪ-ಅವ್ವ ಇಬ್ಬರಿಗೂ ತರಿಸಿ. ಜೊತೆಗೆ ಐಸ್‌ಕ್ರೀಮ್ ಇಟ್ಟು ಕೊಡುವ ರೂಢಿ ಅಲ್ಲಿದ್ದರೆ, ಅದರಲ್ಲಿ ಮೊಟ್ಟೆ ಇದೆಯೇ ಎಂದು ಅದೇ ಫೋನಿನಲ್ಲಿ ಕೇಳಿಬಿಡಿ.